ಒಬ್ಬಳೇ ಮಗಳು

ಮೂಡಿಗೆರೆ
೪ ಡಿಸೆಂಬರ್ ೨೦೨೪, ಬುಧವಾರ

ಅವ್ವಾ,

ಕ್ಷೇಮ ಸಮಾಚಾರ ಬರೆಯುವ ಜಾಗದಲ್ಲಿ ಒಂದೇ ಮಾತು ಬರೆಯುತ್ತೇನೆ. ಸೋಮವಾರ ಭವ್ಯಾಳನ್ನು ಶಾಲೆಗೆ ಕಳಿಸು.

ಫೋನಿನಲ್ಲಿ ಹೇಳೋಣವೆಂದರೆ ನೀನು ಬಿಡುವುದಿಲ್ಲ. ಚಳಿ ಜಾಸ್ತಿ, ಸ್ವೆಟರ್ ಹಾಕ್ಕೋ, ಇಡ್ತೀನಿ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಿನಗೆ ಓದಲು ಬರುವಂತೆ ಅಕ್ಷರ ಬಿಡಿಸಿ, ದುಂಡಗೆ ಬರೆಯುತ್ತಿದ್ದೇನೆ. ತಡವಾದರೂ ಪರವಾಗಿಲ್ಲ, ನೀನೇ ಓದು. ಅಣ್ಣಮ್ಮಕ್ಕನ ಕೈಲಿ ಓದಿಸಬೇಡ. ಅವಳು ಓದಿದರೆ ಎಸ್ಟೇಟಿನ ಕೂಲಿ ಲೈನಿನ ಈ ತುದಿಯ ಮನೆಯಿಂದ ಆ ತುದಿಯ ಮನೆಯವರೆಗೆ ಕೇಳುತ್ತದೆ.

ನಿನ್ನೆ ಅಣ್ಣಮ್ಮಕ್ಕನೇ ಫೋನ್ ಮಾಡಿದ್ದಳು. ಬಿ.ಇಡಿ. ಕಾಲೇಜಿನವರು ನನ್ನನ್ನು ಇಂಟರ್ನ್‌ಶಿಪ್ಪಿಗೆ ನಮ್ಮ ಶಾಲೆಗೇ ಹಾಕಿರುವ ಸುದ್ದಿ ನಿನಗೆ ಮುಟ್ಟಿತಂತೆ. ನಾನು ಅಲ್ಲಿ ಟೀಚರಾಗಿರುವಷ್ಟು ದಿನ, ಅಂದರೆ ಮಾರ್ಚ್ ಮುಗಿಯುವವರೆಗೆ, ಭವ್ಯಾ ಶಾಲೆಗೆ ಹೋಗುವುದು ಬೇಡ ಅಂದೆಯಂತೆ. "ಮಗು ಅದು, ಬಾಯಿ ತಪ್ಪಿ ಅಕ್ಕಾ ಅಂತ ಕೂಗಿದ್ರೆ ಪವಿತ್ರನ ಮರ್ಯಾದಿ ಎಂತ ಆಗ್ಬೇಕು ಅಂತಾಳೆ ನಿಮ್ಮವ್ವ" ಅಂದಳು. ಈಗ ಭವ್ಯಾ ನಿನ್ನ ಜೊತೆ ತೋಟಕ್ಕೆ ಬರುತ್ತಾಳಂತೆ. ಹಾಜರಿಯಲ್ಲಿ ಹೆಸರಿಲ್ಲದೆ, ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಉದುರಿದ ಕಾಫಿ ಹಣ್ಣು ಆರಿಸುತ್ತಾಳಂತೆ.

ಅವ್ವಾ, ಅವಳು ಐದನೇ ಕ್ಲಾಸು. ವಸತಿ ಶಾಲೆಗೆ ಸೇರಲು ಪರೀಕ್ಷೆ ಬರೆಯಬೇಕಾದದ್ದು ಈ ವರ್ಷವೇ. ನಾನು ಲೈನಿನಿಂದ ಹೊರಗೆ ಬಂದದ್ದು ಆ ಪರೀಕ್ಷೆ ಬರೆದು. ಅದಿಲ್ಲದೆ ಹೊರಗೆ ಬಂದ ಹುಡುಗಿ ನಮ್ಮ ಲೈನಿನಲ್ಲಿ ಯಾರಿದ್ದಾಳೆ ಹೇಳು. ಈ ವರ್ಷ ತಪ್ಪಿದರೆ ಬರುವ ಕುಯ್ಲಿಗೆ ಅವಳೂ ನಿನ್ನ ಹಾಗೆ ಗಂಡಸರ ಅಂಗಿ ತೊಟ್ಟು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾಳೆ. ನನ್ನ ಮರ್ಯಾದೆ ಉಳಿಯಲಿ ಅಂತ ಅವಳ ಬದುಕನ್ನು ಚೀಲಕ್ಕೆ ಹಾಕಬೇಕೇ?

ಮರ್ಯಾದೆ ಅಂದರೆ ಏನು ಅಂತ ನಾನು ಕಲಿತದ್ದು ನಮ್ಮ ಮನೆಯ ಗೋಡೆಯಲ್ಲಿ. ಅಪ್ಪ ಇದ್ದಾಗ, ಗಾಳಿ ಬರದಿರಲಿ ಅಂತ ಯೂನಿಯನ್‌ನವರ ಕರಪತ್ರಗಳನ್ನು ಗಂಜಿ ಹಚ್ಚಿ ಗೋಡೆಗೆ ಅಂಟಿಸಿದ್ದನಲ್ಲ, ಮಲಗಿದಲ್ಲೇ ಅವನ್ನು ಓದಿ ಓದಿ ನಾನು ದೊಡ್ಡವಳಾದೆ. ಒಂದು ತಲೆಕೆಳಗಾಗಿತ್ತು, ಅದನ್ನು ಓದಲು ಕಾಲ ಕಡೆ ತಲೆ ಹಾಕಿ ಮಲಗುತ್ತಿದ್ದೆ. ನೀನು ಅಕ್ಷರ ಕಲಿತದ್ದೂ ಅದೇ ಗೋಡೆಯಲ್ಲಿ, ನನ್ನ ಬೆರಳು ಹಿಡಿದುಕೊಂಡು. ಆಮೇಲೆ ನಾನು ಮೂಡಿಗೆರೆಯ ಸಭೆಗಳಲ್ಲಿ ಹಂಚಿದ ಎಲ್ಲ ಚಿಕ್ಕ ಪುಸ್ತಕಗಳನ್ನೂ ಓದಿದೆ. ಮನೆಗೆ ಬಂದಾಗ ನಿನ್ನ ಮುಂದೆ ಅದನ್ನೇ ಹೇಳಿದರೆ ನೀನು ನಗುತ್ತಿದ್ದೆ. "ಗೋಡೆ ಓದಿ ಗೋಡೆ ಹಾಗೇ ಮಾತಾಡ್ತೀಯಲ್ಲೇ ಮಾರಾಯ್ತಿ, ಸೊಪ್ಪು ಬಿಡಿಸು ಬಾ" ಅನ್ನುತ್ತಿದ್ದೆ. ನಕ್ಕರೂ ನೀನು ಕೇಳಿಸಿಕೊಳ್ಳುತ್ತಿದ್ದೆ ಅಂತ ನಾನು ನಂಬಿದ್ದೆ. ಕೆಲಸ ಮಾಡುವವರು ತಲೆ ತಗ್ಗಿಸಬೇಕಾಗಿಲ್ಲ ಅಂತ ಅಷ್ಟು ಸಲ ಓದಿದವಳು ನೀನು. ಆದರೂ ಶನಿವಾರ ಅಷ್ಟು ಜನರ ಮುಂದೆ ನನ್ನನ್ನು ಗೊತ್ತಿಲ್ಲದವಳನ್ನಾಗಿ ಮಾಡಿಬಿಟ್ಟೆ.

ಆವತ್ತು ಶಾಲೆಯಲ್ಲಿ ನಾನು ಆಡಿದ ನಾಟಕ ಹೇಗೆ ಹುಟ್ಟಿತು ಅಂತ ನಿನಗೆ ಗೊತ್ತಿಲ್ಲ. ಬರೆಯುತ್ತೇನೆ, ಓದಿ ಆಮೇಲೆ ಬೈಯಿ.

ನಮಗೆ ಕಾಲೇಜಿನಲ್ಲಿ ಒಂದು ಪಾಠವಿದೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಾತಿನ, ಜಾತಿಯ, ಧರ್ಮದ, ಊರಿನ ಮಕ್ಕಳು ಕೂತಿರುವಾಗ ಟೀಚರ್ ಹೇಗಿರಬೇಕು ಅನ್ನುವ ಪಾಠ. ಪ್ರೇಮಲತಾ ಮೇಡಂ ಮಾಡುತ್ತಾರೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಮಗುವನ್ನು ಅದರ ಮನೆ ಸಮೇತ ಒಳಗೆ ಕರೆದುಕೊಳ್ಳಿ, ಮನೆಯನ್ನು ಗೇಟಿನ ಹೊರಗೆ ಬಿಟ್ಟು ಬಾ ಅನ್ನಬೇಡಿ ಅಂತ ಅವರು ಹೇಳಿದ ದಿನ ನಾನು ಹಾಸ್ಟೆಲಿಗೆ ಬಂದು ಅತ್ತಿದ್ದೆ. ಇದನ್ನು ಹೇಳುವವರಿಗಾಗಿ ಹುಟ್ಟಿದಾಗಿನಿಂದ ಕಾಯುತ್ತಿದ್ದೆ ಅನ್ನಿಸಿತ್ತು.

ನಿಜವಾದ ಮಕ್ಕಳ ಮುಂದೆ ನಿಲ್ಲುವ ಮೊದಲು ನಾವು ನಮ್ಮ ನಮ್ಮಲ್ಲೇ ಪಾಠ ಮಾಡಿ ಕಲಿಯಬೇಕು. ಒಬ್ಬರು ಟೀಚರ್, ಮಿಕ್ಕವರೆಲ್ಲ ಮಕ್ಕಳು. ಈ ಪಾಠಕ್ಕೆ ಮೇಡಂ ರಟ್ಟಿನ ಚೀಟಿಗಳನ್ನು ಮಾಡಿಕೊಂಡು ಬಂದಿದ್ದರು. ಒಂದೊಂದರಲ್ಲಿ ಒಂದೊಂದು ಮಗು. ಗಿರಿಜನರ ಮಗು. ಅಸ್ಸಾಮಿನಿಂದ ಬಂದ ಕೂಲಿಯವರ ಮಗು. ಮುಸ್ಲಿಂ ಹೆಣ್ಣುಮಗು. ಲೈನ್ ಮಗು. ಕೆಳಗೆ ಆ ಮಗು ಹೇಗಿರುತ್ತದೆ ಅಂತ ಎರಡು ಸಾಲು. ಚೀಟಿ ಸಿಕ್ಕವರು ಆ ಮಗುವಾಗಿ ಕೂರಬೇಕು, ಟೀಚರಾದವರು ಅದನ್ನು ಪ್ರೀತಿಯಿಂದ ಮಾತಾಡಿಸಬೇಕು.

ನನ್ನ ರೂಮಿನ ತಸ್ಲೀಮಾಳ ವಿಷಯ ನಿನಗೆ ಹೇಳಿದ್ದೇನಲ್ಲ, ಕಳಸದಲ್ಲಿ ಗ್ಯಾರೇಜ್ ಇಟ್ಟಿರುವ ಗುಲಾಮ್ ಮುಸ್ತಫಾ ಅವರ ಮಗಳು. ಅವಳಿಗೆ ಮುಸ್ಲಿಂ ಹೆಣ್ಣುಮಗುವಿನ ಚೀಟಿಯೇ ಬಂತು. ನಾಚಿಕೆ ಸ್ವಭಾವ, ಪ್ರಶ್ನೆ ಕೇಳುವುದಿಲ್ಲ ಅಂತ ಬರೆದಿತ್ತು. ಅವಳು ಓದಿ, "ಇದಕ್ಕೆ ಪ್ರಾಕ್ಟೀಸ್ ಬೇಡ ಮೇಡಂ, ಹುಟ್ಟಿದಾಗಿಂದ ಮಾಡ್ತಿದೀನಿ. ನಾಚಿಕೆ ಒಂದು ಮಾತ್ರ ಹೊಸದಾಗಿ ಕಲೀಬೇಕು" ಅಂದಳು. ಎಲ್ಲರೂ ನಕ್ಕರು, ಮೇಡಂ ಕೂಡ ನಕ್ಕು ಅವಳ ಚೀಟಿ ಬದಲಾಯಿಸಿ ಟೀಚರ್ ಮಾಡಿದರು. ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅವಳಿಗಿಂತ ಮೊದಲು ಅವಳ ಹೆಸರೇ ಒಳಗೆ ಬಂದು ಕೂತಿರುತ್ತದೆ, ಮುಚ್ಚಿಡಲು ಅವಳ ಹತ್ತಿರ ಏನೂ ಇಲ್ಲ.

ಲೈನ್ ಮಗುವಿನ ಚೀಟಿ ಮೇಡಂ ನನ್ನ ಕೈಗೇ ಕೊಟ್ಟರು. "ನಿಮ್ಮದು ಬಾಳೂರು ಕಡೆ ಎಸ್ಟೇಟ್ ಅಲ್ವಾ ಪವಿತ್ರಾ? ತಂದೆ ರೈಟರ್ ಆಗಿದ್ರಲ್ಲ. ಆ ಜನ ನಿಂಗೆ ಚೆನ್ನಾಗಿ ಗೊತ್ತಿರ್ತಾರೆ" ಅಂದರು.

ಅಪ್ಪ ರೈಟರ್ ಅಂತ ನಾನು ಯಾವತ್ತೂ ಹೇಳಿಲ್ಲ. ಎಸ್ಟೇಟಿನಲ್ಲಿದ್ದರು ಅಂದಿದ್ದೆ, ಅಷ್ಟೇ. ಮಿಕ್ಕದ್ದನ್ನು ನನ್ನ ಮಾತು, ನನ್ನ ಬಟ್ಟೆ ನೋಡಿ ಅವರೇ ತುಂಬಿಕೊಂಡರು. ಎಸ್ಟೇಟಿನ ಲೆಕ್ಕ ಬರೆಯುವವನ ಮಗಳು ಬಿ.ಇಡಿ. ಓದಬಹುದು. ಅದೇ ತೋಟದಲ್ಲಿ ಹಣ್ಣು ಕೊಯ್ಯುವವಳ ಮಗಳು ಈ ಬೆಂಚಿನ ಮೇಲೆ ಕೂತಿರಬಹುದು ಅಂತ ಇಡೀ ಕ್ಲಾಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆ ಪಾಠದಲ್ಲಿ ಟೀಚರ್ ಅಂದರೆ ನಾವು, ಮಗು ಅಂದರೆ ಅವರು. ಅವರನ್ನು ಹೇಗೆ ಪ್ರೀತಿಸಬೇಕು ಅಂತ ನಮಗೆ ಕಲಿಸುತ್ತಾರೆ. ಅವರಲ್ಲೊಬ್ಬಳು ಟೀಚರಾಗಿ ಬಂದರೆ ಎಲ್ಲಿ ಕೂರಿಸಬೇಕು ಅಂತ ಆ ಪಾಠದಲ್ಲಿಲ್ಲ.

ಚೀಟಿಯಲ್ಲಿ ಹೀಗಿತ್ತು: ಸ್ನಾನವಿಲ್ಲ, ಹಿಂದಿನ ಸಾಲು, ಮಾತಿಲ್ಲ, ಕುಯ್ಲಿನ ಕಾಲದಲ್ಲಿ ಗೈರು. ಓದಿ ನನ್ನ ಮೈ ಉರಿಯಿತು. ಇದು ಲೈನ್ ಅಲ್ಲ, ಲೈನ್ ಏನು ಅಂತ ಇವರಿಗೆ ತೋರಿಸುತ್ತೇನೆ ಅಂದುಕೊಂಡೆ. ಮಗುವಿನ ಪಾತ್ರ ಬಿಟ್ಟು, ಮಗುವಿಗಾಗಿ ಶಾಲೆಗೆ ಬಂದ ತಾಯಿಯನ್ನು ಮಾಡಿದೆ. ಟೀಚರ್ ಕರೆಸಿದ್ದಾರೆ ಅಂತ ಗೊತ್ತಾದಾಗ ನೀನು ಹೇಗೆ ಬರುತ್ತಿದ್ದೆಯೋ ಹಾಗೆ. ಚಪ್ಪಲಿಯನ್ನು ಗೇಟಿನಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲು ಹತ್ತದೆ ಕೆಳಗೇ ನಿಂತು, ಮಾತಾಡುವ ಮೊದಲು ಅಂಗೈಯನ್ನು ಸೀರೆಗೆ ಒರೆಸಿಕೊಂಡು. ಟೀಚರ್ ಏನು ಕೇಳಿದರೂ "ನೀವು ಹೇಳ್ದಂಗೇ ಟೀಚರೇ" ಅಂತ.

ಅವರು ನಕ್ಕರು ಅವ್ವಾ. ಅಂಗೈ ಒರೆಸಿದ್ದಕ್ಕೆ ಎಲ್ಲರಿಗಿಂತ ಜೋರು ನಗು ಬಂತು. ಇನ್ನೊಂದು ಸಲ ಮಾಡು ಅಂದರು. ಮಾಡಿದೆ. ನಾನು ತೋರಿಸಲು ಹೊರಟದ್ದು ನಿನ್ನನ್ನು ಹಾಗೆ ನಿಲ್ಲಿಸಿದವರನ್ನು. ಅವರು ನೋಡಿದ್ದು ನಿನ್ನನ್ನು. ಮೇಡಂ ಮಾತ್ರ ನಗಲಿಲ್ಲ, ಕಣ್ಣು ಒರೆಸಿಕೊಂಡು, "ಎಷ್ಟು ಸೂಕ್ಷ್ಮವಾಗಿ ಗಮನಿಸಿದೀಯ" ಅಂದರು. ಇಂಟರ್ನ್‌ಶಿಪ್ ಶುರುವಾಗುವ ಮೊದಲು ಇದನ್ನು ಒಂದು ಶಾಲೆಯ ಪೋಷಕರ ಸಭೆಯಲ್ಲಿ ಆಡೋಣ, ಮುಂದೆ ಟೀಚರಾಗುವವರು ಪೋಷಕರ ಅಭಿಪ್ರಾಯವನ್ನೂ ಕೇಳಬೇಕು ಅಂತ ಅವರೇ ನಿರ್ಧರಿಸಿದರು. ಅದಕ್ಕೆ ಗೊತ್ತುಮಾಡಿದ ಶಾಲೆ ನಮ್ಮದು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕವಿತ್ತು. ನಾಟಕ ಮುಗಿದ ಮೇಲೆ ತಲೆಯ ಬಟ್ಟೆ ತೆಗೆದು, ನಾನು ಇಷ್ಟು ಹೊತ್ತು ಮಾಡಿದ್ದು ಇಲ್ಲಿ ಕೂತಿರುವ ನನ್ನ ತಾಯಿಯನ್ನು, ನಾನು ಈ ಲೈನಿನವಳು, ನೀವು ನಕ್ಕದ್ದು ನನ್ನ ಮನೆಯನ್ನು ನೋಡಿ ಅನ್ನಬೇಕು ಅಂತ ಇತ್ತು. ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಅದಕ್ಕೇ ಫೋನ್ ಮಾಡಿ, "ಅವ್ವಾ, ಶನಿವಾರದ ಮೀಟಿಂಗಿಗೆ ನೀನು ಬರಲೇಬೇಕು, ನಾನು ಬರ್ತಿದೀನಿ" ಅಂದದ್ದು. ಎಂತಕ್ಕೆ ಅಂತ ನೀನು ಕೇಳಿದೆ. ಬಾ, ನೋಡುವೆಯಂತೆ ಅಂದೆ. ಅಷ್ಟೇ ಹೇಳಿದೆ. ಅಲ್ಲೇ ಎಲ್ಲ ಹೇಳಿಬಿಟ್ಟಿದ್ದರೆ ಆಗುತ್ತಿತ್ತು.

ನೀನು ಆ ಹಸಿರು ಸೀರೆ ಉಟ್ಟುಕೊಂಡು ಬಂದಿದ್ದೆ. ಮೇಸ್ತ್ರಿ ಬಾಲರಾಜಣ್ಣ ಲೈನಿನ ಹೆಂಗಸರನ್ನೆಲ್ಲ ಜೀಪಿನಲ್ಲಿ ತಂದು ಇಳಿಸಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬರೂ ನನ್ನನ್ನು ನೋಡಿ ನಗಲಿಲ್ಲ. ನಾನು ಓದುವಾಗ ಇದ್ದ ಮಾಸ್ತರುಗಳೂ ಈಗ ಯಾರೂ ಇಲ್ಲ. ಹೊಸ ಹೆಡ್ ಮಾಸ್ತರು ಹಾಲೇಶ್ ಸರ್ ನನಗೇ ಶಾಲೆ ತೋರಿಸುತ್ತಾ, ಇಲ್ಲಿನ ಮಕ್ಕಳು ಹೀಗೆ, ಇಲ್ಲಿನ ಪೋಷಕರು ಹಾಗೆ ಅಂತ ವಿವರಿಸುತ್ತಿದ್ದರು. ಮಕ್ಕಳನ್ನು ಪಕ್ಕದಲ್ಲಿ ಸಾಲಾಗಿ ಕೂರಿಸಿದ್ದರು. ಭವ್ಯಾ ನನ್ನ ಕಡೆ ನೋಡದೆ ಕಾಲ ಉಗುರು ನೋಡುತ್ತಿದ್ದಳು.

ನಾಟಕ ಆಡಿದೆ. ತಸ್ಲೀಮಾ ಟೀಚರ್, ನಾನು ನೀನು. ಮೊದಲು ಲೈನಿನ ಹೆಂಗಸರೂ ನಕ್ಕರು, "ನೋಡೇ, ಥೇಟ್ ನಮ್ಮಂಗೇ" ಅಂತ ಯಾರೋ ಅಂದದ್ದು ಕೇಳಿಸಿತು. ಅಂಗೈ ಒರೆಸುವಾಗ ಮಾತ್ರ ನಿನ್ನ ಕಡೆ ನೋಡಿದೆ. ನೀನು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಹಣ್ಣು ತೂಗುವಾಗ ತಕ್ಕಡಿಯ ಮುಳ್ಳನ್ನು ನೋಡುತ್ತೀಯಲ್ಲ, ಹಾಗೆ ನೋಡುತ್ತಿದ್ದೆ.

ಮುಗಿದ ಮೇಲೆ ಮೇಡಂ, ಯಾರಾದರೂ ತಾಯಂದಿರು ಮಾತಾಡಬೇಕು ಅಂದರು. ಯಾರೂ ಏಳಲಿಲ್ಲ. ಅಷ್ಟು ಜನರಲ್ಲಿ ನಿನ್ನನ್ನೇ ತೋರಿಸಿ, "ಹಸಿರು ಸೀರೆ ಅಮ್ಮ, ನೀವು ಹೇಳಿ, ನಮ್ಮ ಟೀಚರ್ ಹೇಗೆ ಮಾಡಿದ್ರು?" ಅಂತ ಕೇಳಿದರು. ನೀನು ಎದ್ದೆ. ಎದ್ದವಳೇ ಅಂಗೈಯನ್ನು ಸೀರೆಗೆ ಒರೆಸಿಕೊಂಡೆ. ಸಭೆಯೆಲ್ಲ ಗೊಳ್ಳೆಂದಿತು. ಕಾಲೇಜಿನವರು ಚಪ್ಪಾಳೆ ಹೊಡೆದರು. ನಾಟಕ ಎಷ್ಟು ಸರಿಯಾಗಿತ್ತು ಅನ್ನುವುದಕ್ಕೆ ನೀನು ಸಾಕ್ಷಿಯಾಗಿದ್ದೆ. ನೀನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಚೆನ್ನಾಗಿ ಮಾಡಿದ್ರು ಟೀಚರು. ನಮ್ಮನ್ನ ಹತ್ರದಿಂದ ನೋಡಿದವರ ಹಾಗೇ ಮಾಡಿದ್ರು" ಅಂದೆ.

"ನಿಮ್ಮ ಮಕ್ಕಳೆಷ್ಟು ಅಮ್ಮ?" ಅಂದರು ಮೇಡಂ.

"ಒಬ್ಬಳೇ ಮಗಳು ಮೇಡಂ. ಅಗೋ, ಐದನೇ ಕ್ಲಾಸು."

"ಒಬ್ಬಳೇನಾ?"

"ಒಬ್ಬಳೇ."

ಆಗ ಭವ್ಯಾ ತಲೆ ಎತ್ತಿದಳು. ನಿನ್ನನ್ನಲ್ಲ, ನನ್ನನ್ನು ನೋಡಿದಳು. ಅಣ್ಣಮ್ಮಕ್ಕ ಸೆರಗಿನ ತುದಿಯನ್ನು ಸುತ್ತುತ್ತಾ ಕೂತಿದ್ದಳು. ಬಾಲರಾಜಣ್ಣ ಎದ್ದು ಬಾಗಿಲ ಹೊರಗೆ ಹೋದ. ನೀನು ಕೂತೆ.

ನಾಲ್ಕು ದಿನದಿಂದ ನಾನು ನಿನ್ನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೇನೆ. ನನ್ನ ಮಾತು ಬಾಯಿಗೆ ಬರುವ ಮೊದಲೇ ನೀನು ಬಾಯಿ ಕಟ್ಟಿಬಿಟ್ಟೆ ಅಂತ. ಒಬ್ಬಳೇ ಅಂದ ಮೇಲೆ ನಾನು ಎದ್ದು ಇವಳು ನನ್ನ ತಾಯಿ ಅಂದರೆ, ಇಡೀ ಸಭೆಯ ಮುಂದೆ ನಿನ್ನನ್ನು ಸುಳ್ಳಿ ಮಾಡಿದ ಹಾಗಾಗುತ್ತಿತ್ತು ಅಂತ. ಹೀಗಂತ ನನಗೆ ನಾನೇ ಹೇಳಿಕೊಂಡೆ. ಈಗ ನಿನಗೆ ಬರೆಯಲು ಕೂತಾಗ ಆ ನೆಪ ನಿಲ್ಲುತ್ತಿಲ್ಲ.

ಯಾಕೆಂದರೆ ನಮ್ಮ ಲೈನಿನ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಲೈನಿನಿಂದ ಹೊರಗೆ ಹೋಗಿ ಒಂದು ನೆಲೆ ಕಂಡವರನ್ನು ನಾಲ್ಕು ಜನರ ಮುಂದೆ ನಾವಾಗಿ ಮಾತಾಡಿಸಬಾರದು. ಅವರಾಗಿ ಮಾತಾಡಿಸಿದರೆ ಮಾತ್ರ ನಾವು ನೆಂಟರು. ಅಣ್ಣಮ್ಮಕ್ಕನ ತಮ್ಮ ಕಳಸದ ಬಸ್ಸಿನಲ್ಲಿ ಕಂಡಕ್ಟರ್. ಅವನ ಬಸ್ಸು ಹತ್ತಿದಾಗ ಅವಳು ಮುಖ ಎತ್ತದೆ, ಯಾರದ್ದೋ ಬಸ್ಸು ಅನ್ನುವ ಹಾಗೆ ಕೂರುತ್ತಾಳೆ. ಅವನು "ಅಕ್ಕಾ, ಈ ಕಡೆ ಕೂತ್ಕೋ" ಅಂದ ಮೇಲೆಯೇ ನಗುತ್ತಾಳೆ. ಅವನು ಪ್ರತಿ ಸಲವೂ ಅನ್ನುತ್ತಾನೆ. ಚಿಕ್ಕವಳಿದ್ದಾಗ ಇದನ್ನು ನೋಡಿ ನನಗೆ ಸಿಟ್ಟು ಬಂದಿತ್ತು, ಇದೂ ಒಂದು ಗುಲಾಮಗಿರಿ ಅಂತ ನಿನ್ನ ಮುಂದೆ ಭಾಷಣ ಮಾಡಿದ್ದೆ. "ಗುಲಾಮಗಿರಿ ಅಲ್ವೇ, ಅವರಿಗೆ ಭಾರ ಆಗ್ಬಾರ್ದು ಅಂತ" ಅಂದಿದ್ದೆ ನೀನು.

ಜೀಪಿನಲ್ಲಿ ಬರುವಾಗಲೇ ಬಾಲರಾಜಣ್ಣ ಎಲ್ಲರಿಗೂ ಹೇಳಿದ್ದನಂತೆ, ಯಾರೂ ಪವಿತ್ರಾ ಅಂತ ಕರೀಬೇಡಿ, ಅವಳಾಗಿ ಮಾತಾಡಿಸಲಿ ಅಂತ. ಅಣ್ಣಮ್ಮಕ್ಕ ಹೇಳಿದಳು. ಹಾಗಾದರೆ ನೀವೆಲ್ಲ ಅಷ್ಟು ಹೊತ್ತೂ ಕಾಯುತ್ತಿದ್ದಿರಿ. ಜೀಪು ಇಳಿದಾಗ ಕಾದಿರಿ. ನಾನು ನಿಮ್ಮ ಮುಂದೆಯೇ ಕುರ್ಚಿ ಎಳೆದುಕೊಂಡು ಹೋದಾಗ ಕಾದಿರಿ. ನೀನು ಒಬ್ಬಳೇ ಅಂದು ಕೂತ ಮೇಲೂ ನನಗೊಂದು ಅವಕಾಶ ಇತ್ತು. ಮೇಡಂ ನನ್ನ ಕಡೆ ತಿರುಗಿ, "ಪವಿತ್ರಾ, ಕೊನೆಗೆ ಏನಾದ್ರೂ ಹೇಳ್ತೀಯಾ?" ಅಂತ ಕೇಳಿದ್ದರು. ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಎದ್ದು ನಿಂತು, ಬಂದವರಿಗೆಲ್ಲ ಧನ್ಯವಾದ ಅಂದೆ.

ಸಿಟ್ಟು ಬಂದದ್ದು ಆಮೇಲೆ, ಬಸ್ಸಿನಲ್ಲಿ. ನೀನು ಒಬ್ಬಳೇ ಅಂದ ಆ ಗಳಿಗೆಯಲ್ಲಿ ನನಗೆ ಮೈ ಹಗುರಾಯಿತು. ಇದನ್ನು ಬರೆಯಲು ಇಷ್ಟು ದೂರ ಬರಬೇಕಾಯಿತು.

ನೀನು ಇದನ್ನು ಓದಿ ಅಳಬೇಡ. ಅತ್ತರೆ ಏನೂ ಆಗುವುದಿಲ್ಲ ಅಂತ ನಮ್ಮ ಗೋಡೆಯಲ್ಲೇ ಇತ್ತು. ಆಗಬೇಕಾದ್ದು ಇದು. ಸೋಮವಾರ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಇಳಿದವಳು ಶಾಲೆಗೆ ಹೋಗುವುದಿಲ್ಲ, ಮೊದಲು ಲೈನಿಗೆ ಬರುತ್ತೇನೆ. ಭವ್ಯಾಳಿಗೆ ಯೂನಿಫಾರ್ಮ್ ಹಾಕಿ ನಿಲ್ಲಿಸಿರು. ಅವಳ ಕೈ ಹಿಡಿದುಕೊಂಡು ಗೇಟಿನ ಒಳಗೆ ಹೋಗುತ್ತೇನೆ. ಪ್ರಾರ್ಥನೆಗೆ ನಿಂತಾಗ ಇವಳು ನನ್ನ ತಂಗಿ ಅನ್ನುತ್ತೇನೆ, ಎಲ್ಲ ಮಾಸ್ತರುಗಳ ಮುಂದೆ. ನೀನೂ ಚಪ್ಪಲಿ ಕೈಯಲ್ಲಿ ಹಿಡಿಯದೆ ಬಾ. ಬರಲು ಕಷ್ಟವಾದರೆ ಲೈನಿನ ಬಾಗಿಲಲ್ಲೇ ನಿಂತು ನೋಡು. ಮೇಡಂ ಏನಾದರೂ ಅಂದುಕೊಳ್ಳಲಿ, ತಸ್ಲೀಮಾ ಏನಾದರೂ ಅಂದುಕೊಳ್ಳಲಿ. ಇನ್ನೊಬ್ಬರ ಮಕ್ಕಳನ್ನು ಮನೆ ಸಮೇತ ಒಳಗೆ ಕರೆಯಲು ಕಲಿತು, ನನ್ನ ಮನೆಯನ್ನೇ ಹೊರಗೆ ನಿಲ್ಲಿಸಿದರೆ ನಾನು ಓದಿದ್ದಕ್ಕೆಲ್ಲ ಏನರ್ಥ?

ಭವ್ಯಾ ತೋಟಕ್ಕೆ ಹೋಗುವುದು ಈ ಕಾಗದ ಸಿಕ್ಕಿದ ದಿನದಿಂದಲೇ ನಿಲ್ಲಲಿ. ಅವಳ ಬೆರಳಿಗೆ ಚಳಿಗೆ ಬಿರುಕು ಬಿಟ್ಟಿದ್ದರೆ ಕೊಬ್ಬರಿ ಎಣ್ಣೆ ಹಚ್ಚು. ಪೆನ್ಸಿಲ್ ಹಿಡಿಯಬೇಕು ಅವಳು.

ನಿನ್ನ ದೊಡ್ಡ ಮಗಳು,
ಪವಿತ್ರಾ

ತಾ.ಕ.: ಶುಕ್ರವಾರ. ಕಾಗದ ಎರಡು ದಿನ ನನ್ನ ಬ್ಯಾಗಿನಲ್ಲೇ ಇತ್ತು. ನಿನ್ನೆ ಮೇಡಂ ಕರೆದು, ಆವತ್ತು ಎದ್ದು ಮಾತಾಡಿದ ಹೆಂಗಸು ನಿನ್ನನ್ನೇ ನೋಡುತ್ತಿದ್ದಳಲ್ಲ, ಪರಿಚಯವಾ ಅಂತ ಕೇಳಿದರು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು, ನಗುವವರು ಯಾರೂ ಇರಲಿಲ್ಲ. ಇಲ್ಲ ಮೇಡಂ ಅಂದೆ. ಆಮೇಲೆ, ನೋಡಿದ ಜಾಗಕ್ಕಿಂತ ಹೊಸ ಜಾಗ ಒಳ್ಳೆಯದು ಅಂತ ಹೇಳಿ ಸಂಸೆಯ ಶಾಲೆಗೆ ಬದಲಿಸಿಕೊಂಡೆ. ಅಲ್ಲಿಗೆ ಹೋಗಬೇಕಿದ್ದ ತಸ್ಲೀಮಾ ಸೋಮವಾರದಿಂದ ನಮ್ಮ ಶಾಲೆಗೆ ಬರುತ್ತಾಳೆ. ಇನ್ನು ನಿನಗೆ ಹೆದರಿಕೆಯಿಲ್ಲ, ಭವ್ಯಾ ಹೋಗಬಹುದು. ಮೇಲೆ ಬರೆದದ್ದನ್ನು ಹರಿದು ಹಾಕೋಣ ಅಂತ ಇದ್ದೆ, ಹಾಕಲಿಲ್ಲ, ಬರೆಯುವಾಗ ಅದು ನಿಜವೇ ಆಗಿತ್ತು. ಭವ್ಯಾಳನ್ನು ಪರೀಕ್ಷೆಗೆ ತಯಾರು ಮಾಡು ಅಂತ ತಸ್ಲೀಮಾಳಿಗೆ ಹೇಳಿದ್ದೇನೆ. ಯಾರು ಆ ಹುಡುಗಿ ಅಂತ ಕೇಳಿದಳು. ಗೊತ್ತಿರುವವರ ಮಗು ಅಂದೆ.